ಪುಕ್ಕಟೆ ಸುದ್ದಿಗೆ ದುಡ್ಡು ಕೊಡುವವರು ಯಾರು?

ಲಂಡನ್

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಿನ್ನ ಯೂಟ್ಯೂಬ್ ಚಾನೆಲ್ ನೋಡಿದೆ. ಚಿಂತಾಮಣಿಯ ಟೊಮೆಟೊ ಬಾಕ್ಸಿನ ರೇಟು, ಶಿಡ್ಲಘಟ್ಟದ ರೇಷ್ಮೆಗೂಡಿನ ಹರಾಜು, ಅರ್ಧ ಕನ್ನಡ ಅರ್ಧ ತೆಲುಗು, ಥೇಟು ನಮ್ಮ ಮನೆಯ ಮಾತು. ಓದಿದ ಹುಡುಗ ಮೊಬೈಲ್ ಹಿಡಕೊಂಡು ಮಂಡಿ ಸುತ್ತುತ್ತಾನೆ ಅಂತ ಅಕ್ಕನ ದೂರು. ಅವಳಿಗೆ ನಾನು ಹೇಳುತ್ತೇನೆ ಬಿಡು. ಬೆಳಗ್ಗೆ ಬಾಕ್ಸ್ ಎಷ್ಟಕ್ಕೆ ಹೋಯಿತೆಂದು ಸರಿಯಾಗಿ ಹೇಳುವವನನ್ನು ನಾನು ಪತ್ರಕರ್ತ ಅಂತಲೇ ಕರೆಯುತ್ತೇನೆ. ಸಂಜೆ ಸ್ಟುಡಿಯೊದಲ್ಲಿ ಕೂತು ಅರಚುವವರಿಗೆ ಬೇರೆ ಹೆಸರು ಹುಡುಕಬೇಕು.

ಈಚೆಗೆ ನಿನ್ನಲ್ಲಿ ರೇಟು ಕಡಿಮೆಯಾಗಿ ಜಗಳ ಜಾಸ್ತಿಯಾಗಿದೆ. ಕಾರಣ ನೀನೇ ಹೇಳಿದೆ: ರೇಟು ಕೇಳಿದ ರೈತ ಅರ್ಧ ನಿಮಿಷಕ್ಕೆ ಎದ್ದು ಹೋಗುತ್ತಾನೆ, ಇಬ್ಬರು ಲೀಡರುಗಳು ಬೈದಾಡಿಕೊಂಡರೆ ಕೊನೇತನಕ ಕೂರುತ್ತಾನೆ. ವಿಡಿಯೊ ಮೇಲಿನ ಜಾಹೀರಾತಿನ ದುಡ್ಡಿನಲ್ಲಿ ನೂರಕ್ಕೆ 55 ನಿನಗೆ, ಮಿಕ್ಕಿದ್ದು ಕಂಪನಿಗೆ. ಇಬ್ಬರಿಗೂ ಬೇಕಾದದ್ದು ಆ ರೈತನ ಹೊತ್ತು. ಅವನ ಕೆಲಸ ಬೇಗ ಮುಗಿದಷ್ಟೂ ನಿನಗೆ ನಷ್ಟ!

ಇಲ್ಲಿ ಟಿವಿ ಇಟ್ಟು ನೇರ ಪ್ರಸಾರ ನೋಡುವ ಮನೆಯವರು ವರ್ಷಕ್ಕೊಮ್ಮೆ ಲೈಸೆನ್ಸ್ ಕಟ್ಟಬೇಕು. 2025ರಲ್ಲಿ ಅದು ನೂರ ಎಪ್ಪತ್ತನಾಲ್ಕೂವರೆ ಪೌಂಡ್. ಬಿಬಿಸಿ ಬಹುಪಾಲು ನಡೆಯುವುದು ಅದರಿಂದಲೇ. ಗೊಣಗದವರಿಲ್ಲ. ದರ ನಿಗದಿ ಸರ್ಕಾರದ ಕೈಯಲ್ಲಿರುವುದರಿಂದ ಬಿಬಿಸಿಯ ಕಿವಿ ಹಿಂಡುವ ಆಸೆ ಯಾವ ಪಕ್ಷಕ್ಕೂ ತಪ್ಪಿದ್ದಲ್ಲ. ಆದರೂ ದುಡ್ಡು ಕೊಟ್ಟವನು ನಾನು ಎಂಬ ಧೈರ್ಯದಲ್ಲಿ ಬಯ್ಯಬಹುದು. ನಮ್ಮಲ್ಲೂ ಇದಿತ್ತು ಮಾರಾಯ. ನಿನ್ನ ತಾತ ಗೌರಿಬಿದನೂರು ಪೋಸ್ಟಾಫೀಸಿನಲ್ಲಿ ರೇಡಿಯೊ ಲೈಸೆನ್ಸ್ ಕಟ್ಟುತ್ತಿದ್ದರು. 1980ರ ದಶಕದಲ್ಲಿ ಅದು ರದ್ದಾಯಿತು. 1997ರಲ್ಲಿ ಆಕಾಶವಾಣಿ, ದೂರದರ್ಶನಗಳು ಪ್ರಸಾರ ಭಾರತಿಯ ಕೈಗೆ ಬಂದವು. ಕಾಗದದ ಮೇಲೆ ಸ್ವಾಯತ್ತ, ಖರ್ಚಿಗೆ ಮಾತ್ರ ದೆಹಲಿಯ ಮುಂದೆ ಕೈಚಾಚಬೇಕು.

ಆಮೇಲೆ ಬಂದದ್ದು ಪುಕ್ಕಟೆಯ ಕಾಲ. ಫೇಸ್‌ಬುಕ್ ತಾನು ಆರಿಸಿದ ಕೆಲವೇ ತಾಣಗಳನ್ನು 'ಫ್ರೀ ಬೇಸಿಕ್ಸ್' ಎಂದು ಬಡವರಿಗೆ ಬಿಟ್ಟಿ ಕೊಡಲು ಬಂದಾಗ ಟೆಲಿಕಾಂ ನಿಯಂತ್ರಕ ಟ್ರಾಯ್ 2016ರ ಫೆಬ್ರುವರಿಯಲ್ಲಿ ಅಂಥ ದರಭೇದವನ್ನೇ ನಿಷೇಧಿಸಿತು. ನನಗೆ ಬಹಳ ಖುಷಿಯಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಗಿ ಹೊಲದ ಬದುವಿನಲ್ಲೂ ವಿಡಿಯೊ ಓಡಿತು. ನಿನ್ನ ಚಾನೆಲ್ ಹುಟ್ಟಿದ್ದು ಆ ಅಗ್ಗದ ಡೇಟಾದಿಂದ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಚುನಾವಣೆ ಹತ್ತಿರ ಬಂದಾಗ ಯಾರಾದರೂ ದುಡ್ಡು ಕೊಟ್ಟು ಸುದ್ದಿ ಮಾಡಿಸುವ 'ಪ್ಯಾಕೇಜ್' ಮಾತಾಡಲು ಬಂದೇ ಬರುತ್ತಾರೆ. ತೆಗೆದುಕೊಂಡರೆ ಜಾಹೀರಾತು ಅಂತ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕು. ಹಾಕಬೇಡ ಅಂದರೆ ದುಡ್ಡು ವಾಪಸ್ಸು ಕೊಡು.

ನನಗೊಂದು ವಿಡಿಯೊ ಬೇಕು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತಿದೆಯಲ್ಲ, ಅದರದ್ದು. ಬೋರ್‌ವೆಲ್‌ಗೆ ಜೀವ ಬಂತೆಂದು ಖುಷಿಪಡುವ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಹಟ ಹಿಡಿದ ಶಾಶ್ವತ ನೀರಾವರಿ ಹೋರಾಟ ಸಮಿತಿಯವರಿದ್ದಾರೆ. ಇವರನ್ನು ಎದುರುಬದುರು ಕೂರಿಸಿ ಜಗಳ ಹಚ್ಚಿದರೆ ಒಳ್ಳೇ ವ್ಯೂಸ್ ಬರುತ್ತದೆ. ನೀನು ಅದು ಬಿಟ್ಟು ಎರಡು ಕೆರೆಯ ನೀರು, ಪಕ್ಕದ ಒಂದು ಬೋರ್‌ವೆಲ್ ನೀರು ಬಾಟಲಿಗೆ ತುಂಬಿಸಿ ಲ್ಯಾಬಿಗೆ ಕೊಡು. ಬಂದ ರಿಪೋರ್ಟನ್ನು ಹಾಗೇ ತೋರಿಸಿ, ತಿಳಿದ ಎಂಜಿನಿಯರೊಬ್ಬರ ಹತ್ತಿರ ಓದಿಸು. ಆಮೇಲೆ ರೈತರನ್ನು ಮಾತಾಡಿಸು. ನೋಡುವವರು ಕಡಿಮೆಯೇ ಇರುತ್ತಾರೆ, ಇರಲಿ.

ಲ್ಯಾಬಿನ ಖರ್ಚು ನನ್ನದು. ಇಲ್ಲಿ ಲೈಸೆನ್ಸಿಗೆ ಕಟ್ಟುವಷ್ಟೇ ದುಡ್ಡನ್ನು ನಿನ್ನ ಚಾನೆಲ್ಲಿಗೂ ವರ್ಷವರ್ಷ ಕಳಿಸುತ್ತೇನೆ. ವಿಡಿಯೊದ ಕೆಳಗೆ ದುಡ್ಡು ಕೊಟ್ಟವರ ಹೆಸರು ಬರೆಯುವಾಗ ನನ್ನದನ್ನೂ ಹಾಕು. ಆ ಕೆರೆಗಳಲ್ಲೊಂದರ ಅಚ್ಚುಕಟ್ಟಿನಲ್ಲಿ ನಮ್ಮ ಜಮೀನಿದೆ ಅನ್ನುವುದನ್ನೂ ಸೇರಿಸಿಯೇ ಬರಿ.

ಇತಿ ನಿನ್ನ ಮಾವ