ತಾಯತದ ದಾರ ಬಿಗಿಯಾದಾಗ

ಮಗಳೇ, ಕಡೂರಿನಲ್ಲಿ ಕೆಲಸಕ್ಕೆ ಕೂತ ಮೊದಲ ವಾರವೇ ಥೈರಾಯ್ಡ್ ಮಾತ್ರೆಯ ಹಳೇ ಚೀಟಿ ಹಿಡಿದ ಹೆಂಗಸರ ಸಾಲು ಕಾಣುತ್ತೀಯ. ಮಲೆನಾಡ ಸೆರಗಿನ ಈ ಸೀಮೆಗೆ ಗಳಗಂಡ ಹೊಸದಲ್ಲ. ಹೆಚ್ಚಿನವರಿಗೆ ಮಾತ್ರೆಯೇ ಸಾಕು. ಆ ಸಾಲಿನಲ್ಲಿ ಎಂದೋ ಒಮ್ಮೆ ಬರುವ ಒಬ್ಬಳೇ ಅಜ್ಜಿಯ ಬಗ್ಗೆ ನನ್ನ ಮಾತು.

ಅರವತ್ತು ದಾಟಿದಾಕೆ, ಅಜ್ಜಂಪುರದ ಕಡೆಯವಳು ಅಂದುಕೋ. "ಹಬ್ಬಕ್ಕೆ ಸಡಿಲ ಇದ್ದ ತಾಯತದ ದಾರ ಈಗ ಕೊರಳು ಒತ್ತುತ್ತೆ ಕಣವ್ವಾ, ಮುದ್ದೆ ಇಳೀತಿಲ್ಲ" ಅನ್ನುತ್ತಾಳೆ. ದನಿ ಒಡೆದಿರುತ್ತದೆ. ಒಂದು ಲೋಟ ನೀರು ಕೊಟ್ಟು, ಪಕ್ಕಕ್ಕೆ ನಿಂತು ಕೊರಳು ನೋಡು. ಮಾಮೂಲಿ ಗಡ್ಡೆ ಗುಟುಕಿನ ಜೊತೆ ಮೇಲೆದ್ದು ಇಳಿಯುತ್ತದೆ. ಸುತ್ತಲಿನ ಮಾಂಸಕ್ಕೆ ಅಂಟಿದ್ದು ಕದಲುವುದಿಲ್ಲ.

ಹಾಗೆ ಅಂಟಿದ ಗಡ್ಡೆಯ ಬೇರು ಹಳೇ ಕಾಯಿಲೆಯೊಂದರಲ್ಲಿರಬಹುದು. 1912ರಲ್ಲಿ ಜಪಾನಿನ ಹಕರು ಹಶಿಮೊಟೊ, ಥೈರಾಯ್ಡಿನೊಳಗೆ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು ಬಿಡಾರ ಹೂಡುವ ಕಾಯಿಲೆಯನ್ನು ವಿವರಿಸಿದರು. ವರ್ಷಗಟ್ಟಲೆ ಅಲ್ಲಿದ್ದ ಆ ಕಣಗಳಲ್ಲಿ ಒಂದು ದಾರಿ ತಪ್ಪಿ ಬೆಳೆದರೆ ಅದು ಥೈರಾಯ್ಡ್ ಲಿಂಫೋಮಾ. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ 5ಕ್ಕಿಂತ ಕಡಿಮೆ. ಸೂಜಿ ಪರೀಕ್ಷೆ ಎಡವುವುದು ಇಲ್ಲೇ: ಎರಡರಲ್ಲೂ ಕಾಣುವುದು ಲಿಂಫೋಸೈಟುಗಳೇ. 'ಹಶಿಮೊಟೊ' ಎಂಬ ವರದಿ ಕೈಗೆ ಬಂದರೂ ಗಡ್ಡೆ ವಾರವಾರಕ್ಕೆ ಊದುತ್ತಿದ್ದರೆ ವರದಿಗಿಂತ ಆ ದಾರವನ್ನು ನಂಬು. ದಪ್ಪ ಸೂಜಿಯ ಕೋರ್ ಬಯಾಪ್ಸಿ ಆಗಲೇಬೇಕು. ಆ ತುಂಡಿಗೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಮಾಡಿದಾಗ ಕಣಗಳ ಜಾತಿ ತಿಳಿಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಹೀಗೆಯೇ ಸರಸರ ಬೆಳೆಯುವ ಇನ್ನೊಂದಿದೆ, ಅನಾಪ್ಲಾಸ್ಟಿಕ್ ಕ್ಯಾನ್ಸರ್. ಅದು ಬಹುಪಾಲು ಕೆಲವೇ ತಿಂಗಳಲ್ಲಿ ಜೀವ ಒಯ್ಯುತ್ತದೆ. ಲಿಂಫೋಮಾ ಹಾಗಲ್ಲ, ಕೀಮೋ ಮತ್ತು ರೇಡಿಯೇಷನ್ನಿಗೆ ಚೆನ್ನಾಗಿ ಕರಗುತ್ತದೆ. ಇಡೀ ಗ್ರಂಥಿ ಕತ್ತರಿಸಿ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಹೊರಗಿನಿಂದ ಎರಡೂ ಒಂದೇ ಥರ. ಹಾಗಾಗಿ ತುಂಡು ಪರೀಕ್ಷೆಯಾಗದೆ ಮನೆಯವರಿಗೆ "ಕೈ ಮೀರಿದೆ" ಅನ್ನಬೇಡ, ದಮ್ಮಯ್ಯ.

ಊತ ಇಳಿಯಲೆಂದು ಮೊದಲೇ ಸ್ಟೀರಾಯ್ಡ್ ಕೊಡಬೇಡ. ಗಡ್ಡೆ ಕುಗ್ಗುತ್ತದೆ, ರೋಗದ ಗುರುತೂ ಅಳಿಸುತ್ತದೆ. ಆದರೆ ಉಸಿರು ಕಟ್ಟುತ್ತಿದ್ದರೆ ಮಾತು ಬೇರೆ. ಆಗ ಶ್ವಾಸನಾಳ ಉಳಿಸುವುದೇ ಮೊದಲ ಕೆಲಸ.

ಕಡೂರಿನಿಂದಲೂ ತರೀಕೆರೆಯಿಂದಲೂ ಬೆಂಗಳೂರಿಗೆ ರೈಲಿದೆ. ಅಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಅಜ್ಜಿಯ ಕೈಗೆ ಬರೀ ಚೀಟಿ ಕೊಟ್ಟು ಕಳಿಸಬೇಡ. ಮಾತ್ರೆ ಎಷ್ಟು ವರ್ಷದಿಂದ, ಗಡ್ಡೆ ಎಷ್ಟು ವಾರದಿಂದ, ದನಿ ಯಾವಾಗ ಒಡೆಯಿತು, ಎಲ್ಲ ಬರೆ. ಕೆಳಗೆ 'ಲಿಂಫೋಮಾ ಶಂಕೆ' ಎಂದು ದೊಡ್ಡಕ್ಷರದಲ್ಲಿ ಬರೆದು ಸಹಿ ಹಾಕು.