ದನದ ಹುಳುವಿನ ಮದ್ದು ಮಣ್ಣಿನ ಎರೆಹುಳುವಿಗೆ ವಿಷವೇ? ಪರೀಕ್ಷೆ ಮಾಡಿ ತಿಳಿಯೋಣ



ಹೆಗ್ಗೋಡು ಸುತ್ತಿನ ಅಡಿಕೆ ತೋಟಗಳಿಗೆ ಕೊಟ್ಟಿಗೆ ಗೊಬ್ಬರವೇ ಆಧಾರ. ಬೆಟ್ಟದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸುತ್ತೇವೆ. ಸಗಣಿ, ಗಂಜಲದ ಜೊತೆ ಅದನ್ನು ಗುಂಡಿಗೆ ಹಾಕಿ, ಕೊಳೆತ ಮೇಲೆ ತೋಟಕ್ಕೆ ಹೊರುತ್ತೇವೆ. ಮುಂದಿನ ಕೆಲಸ ಎರೆಹುಳುವಿನದು. ಸೊಪ್ಪು-ಸಗಣಿ ತಿಂದು ಮಣ್ಣಿಗೆ ಸೇರಿಸುತ್ತದೆ, ತೂತು ಕೊರೆದು ನೀರು ಇಂಗಿಸುತ್ತದೆ. ಅದಕ್ಕೆ ಕೂಲಿ ಕೊಡಬೇಕಾಗಿಲ್ಲ. ಆದರೆ ಅದು ತಿನ್ನುವ ಸಗಣಿಯಲ್ಲಿ ಔಷಧಿ ಇದ್ದರೆ?

ಮದ್ದು ಎಲ್ಲಿಗೆ ಹೋಗುತ್ತದೆ?

ದನಕರುಗಳ ಜಂತುಹುಳು ಮತ್ತು ಉಣುಗಿಗೆ ಕೊಡುವ ಔಷಧಿಗಳಲ್ಲಿ ಐವರ್‌ಮೆಕ್ಟಿನ್ ಒಂದು. ಇದರ ಮೂಲ ಸಿಕ್ಕಿದ್ದೇ ಮಣ್ಣಿನಲ್ಲಿ. ಜಪಾನಿನ ಸತೋಶಿ ಒಮುರಾ ಅವರು ಅಲ್ಲಿನ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯಿಂದ ಇದು ಬಂತು. ಅವರಿಗೂ ವಿಲಿಯಂ ಕ್ಯಾಂಬೆಲ್ ಅವರಿಗೂ 2015ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ಔಷಧಿ ಒಳ್ಳೆಯದೇ. ಆದರೆ ದನದ ಮೈ ಸೇರಿದ್ದರಲ್ಲಿ ಹೆಚ್ಚಿನ ಪಾಲು ಸಗಣಿಯಲ್ಲೇ ಹೊರಗೆ ಬರುತ್ತದೆ. ಮೊದಲ ಕೆಲವು ದಿನ ಜಾಸ್ತಿ, ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಬಿಸಿಲಿಗೆ ಬೇಗ ಒಡೆಯುತ್ತದೆ. ಕತ್ತಲಲ್ಲಿ, ತಂಪಿನಲ್ಲಿ, ಮಣ್ಣಿಗೆ ಅಂಟಿಕೊಂಡು ಬಹಳ ದಿನ ಉಳಿಯುತ್ತದೆ. ನಮ್ಮ ತೋಟದಲ್ಲಿ ನೆರಳೇ ಹೆಚ್ಚು ಎಂಬುದನ್ನು ಇಲ್ಲಿ ನೆನಪಿಡಬೇಕು.

ಪರೀಕ್ಷೆ ಯಾಕೆ ಬೇಕು?

ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯನ್ನು ದನಗಳಿಗೆ ಕೊಡುತ್ತಿದ್ದರು. ಆ ಔಷಧಿ ಮೈಯಲ್ಲಿದ್ದಾಗ ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಕಾರಣ ಗೊತ್ತಾದದ್ದು 2004ರಲ್ಲಿ. ಭಾರತ ಸರ್ಕಾರ 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ರಣಹದ್ದುಗಳಲ್ಲಿ ಬಹುಪಾಲು ಹೋಗಿಯೇ ಬಿಟ್ಟಿದ್ದವು. ಹದ್ದು ಆಕಾಶದಲ್ಲಿ ಕಾಣದಿದ್ದರೆ ಯಾರಾದರೂ ಕೇಳುತ್ತಾರೆ. ಎರೆಹುಳು ನೆಲದೊಳಗೆ ಸತ್ತರೆ ಯಾರು ಕೇಳುತ್ತಾರೆ? ಅದಕ್ಕೇ ಮೊದಲೇ ಪರೀಕ್ಷೆ ಮಾಡಬೇಕು.

ಪ್ರಯೋಗಶಾಲೆಯಲ್ಲಿ ಹೇಗೆ ಮಾಡುತ್ತಾರೆ?

1. ಸಾಯುತ್ತದೆಯೇ? ಇದಕ್ಕೆ 1984ರಲ್ಲಿ ಅಂತಾರಾಷ್ಟ್ರೀಯ ಕ್ರಮ ಬಂತು. ನೂರಕ್ಕೆ 70 ಪಾಲು ಮರಳು, 20 ಪಾಲು ಬಿಳಿ ಜೇಡಿ, 10 ಪಾಲು ಕೊಳೆತ ಪಾಚಿಯ ಪುಡಿ ಸೇರಿಸಿ ಮಣ್ಣು ತಯಾರಿಸುತ್ತಾರೆ. ಬೇರೆ ಬೇರೆ ಪಾತ್ರೆಗೆ ಬೇರೆ ಬೇರೆ ಪ್ರಮಾಣದಲ್ಲಿ ಔಷಧಿ ಹಾಕುತ್ತಾರೆ. ಒಂದು ಗುಂಪಿನ ಪಾತ್ರೆಗಳಿಗೆ ಏನೂ ಹಾಕುವುದಿಲ್ಲ, ಅದು ಹೋಲಿಕೆಗೆ. ಪ್ರತಿ ಪಾತ್ರೆಗೆ 10 ಬೆಳೆದ ಹುಳು ಬಿಟ್ಟು, 7ನೇ ದಿನ ಮತ್ತು 14ನೇ ದಿನ ಎಣಿಸುತ್ತಾರೆ. ಎಷ್ಟು ಪ್ರಮಾಣಕ್ಕೆ ಅರ್ಧದಷ್ಟು ಹುಳು ಸಾಯುತ್ತವೆ ಅಂತ ಲೆಕ್ಕ ಹಾಕುತ್ತಾರೆ. ಔಷಧಿ ಹಾಕದ ಪಾತ್ರೆಗಳಲ್ಲೇ ನೂರಕ್ಕೆ 10ಕ್ಕಿಂತ ಹೆಚ್ಚು ಸತ್ತರೆ ಆ ಪರೀಕ್ಷೆಯನ್ನೇ ಒಪ್ಪುವುದಿಲ್ಲ.

2. ಮರಿ ಮಾಡುತ್ತದೆಯೇ? ಇದರ ಕ್ರಮ ಬಂದದ್ದು 2004ರಲ್ಲಿ. ದೊಡ್ಡ ಹುಳುಗಳನ್ನು 4 ವಾರ ಬಿಟ್ಟು ತೆಗೆಯುತ್ತಾರೆ. ಅವು ಇಟ್ಟ ಮೊಟ್ಟೆಕೋಶಗಳನ್ನು ಇನ್ನೂ 4 ವಾರ ಹಾಗೇ ಬಿಟ್ಟು, ಮರಿಗಳನ್ನು ಎಣಿಸುತ್ತಾರೆ.

ನಾವು ಮುಖ್ಯವಾಗಿ ಕಲಿಯಬೇಕಾದ ಪಾಠ ಈ ಎರಡನೆಯದರಲ್ಲಿದೆ. ಐವರ್‌ಮೆಕ್ಟಿನ್‌ನಿಂದ ಎರೆಹುಳು ಸಾಯಬೇಕಾದರೆ ದೊಡ್ಡ ಪ್ರಮಾಣವೇ ಬೇಕು. ಆದರೆ ಅದಕ್ಕಿಂತ ಕಡಿಮೆ ಪ್ರಮಾಣದಲ್ಲೇ ಮರಿಗಳ ಸಂಖ್ಯೆ ಇಳಿಯುತ್ತದೆ. ಸಗಣಿಯಲ್ಲಿ ಬೆಳೆಯುವ ದುಂಬಿ ಮತ್ತು ನೊಣದ ಮರಿಗಳಿಗಂತೂ ಇನ್ನೂ ಸ್ವಲ್ಪವೇ ಸಾಕು. ಆದ್ದರಿಂದ ಹುಳು ಸಾಯಲಿಲ್ಲ ಅಂದ ಮಾತ್ರಕ್ಕೆ ವಿಷ ಇಲ್ಲ ಅಂತಲ್ಲ. ಈ ವರ್ಷ ಹುಳು ಕಾಣಬಹುದು, ಮರಿ ಇಲ್ಲದಿದ್ದರೆ ಬರುವ ವರ್ಷ ಕಾಣುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಹುಳು ತನಗೆ ಆಗದ ಮಣ್ಣನ್ನು ಬಿಟ್ಟು ಸರಿಯುತ್ತದೆ. ಇದನ್ನೇ ನೋಡುವ 48 ಗಂಟೆಯ ಪರೀಕ್ಷೆಯೂ ಇದೆ. ಸಂಘದವರು ಸೇರಿ ಮಾಡಬಹುದು.

• ಒಂದೇ ತರಹದ ಐದು ಡಬ್ಬಿ ತೆಗೆದುಕೊಳ್ಳಿ. ನಡುವೆ ರಟ್ಟು ನಿಲ್ಲಿಸಿ ಎರಡು ಭಾಗ ಮಾಡಿ.
• ಒಂದು ಕಡೆ ತೋಟದ ಮಣ್ಣಿಗೆ ಮದ್ದು ಕೊಟ್ಟ ದನದ ಸಗಣಿ ಬೆರೆಸಿ. ಇನ್ನೊಂದು ಕಡೆ ಅದೇ ಮಣ್ಣಿಗೆ ಮದ್ದು ಕೊಡದ ದನದ ಸಗಣಿಯನ್ನು ಅಷ್ಟೇ ಅಳತೆಯಲ್ಲಿ ಬೆರೆಸಿ. ಎರಡೂ ದನಕ್ಕೆ ಮೇವು ಒಂದೇ ಇರಲಿ. ಎರಡೂ ಕಡೆ ತೇವ ಒಂದೇ ಇರಲಿ. ಔಷಧಿಯನ್ನು ನೇರವಾಗಿ ಮಣ್ಣಿಗೆ ಸುರಿಯಬೇಡಿ.
• ರಟ್ಟು ತೆಗೆದು, ನಡುವೆ 10 ಬೆಳೆದ ಹುಳು ಬಿಡಿ. ಮೈಮೇಲೆ ದಪ್ಪ ಪಟ್ಟಿ ಇದ್ದರೆ ಅದು ಬೆಳೆದ ಹುಳು. ತೂತಿನ ಮುಚ್ಚಳ ಹಾಕಿ ಎರಡು ದಿನ ತಂಪು ಜಾಗದಲ್ಲಿಡಿ.
• ಮತ್ತೆ ರಟ್ಟು ನಿಲ್ಲಿಸಿ, ಎರಡೂ ಕಡೆ ಎಣಿಸಿ, ಪುಸ್ತಕದಲ್ಲಿ ಬರೆಯಿರಿ.
• ಇನ್ನೂ ಐದು ಡಬ್ಬಿಗೆ ಎರಡೂ ಕಡೆ ಮದ್ದಿಲ್ಲದ ಸಗಣಿಯನ್ನೇ ಹಾಕಿ. ಅಲ್ಲಿ ಹುಳು ಹೆಚ್ಚುಕಮ್ಮಿ ಸಮನಾಗಿ ಹಂಚಿಕೊಂಡಿರಬೇಕು. ಇಲ್ಲದಿದ್ದರೆ ಮತ್ತೆ ಮಾಡಬೇಕು.

ನೂರಕ್ಕೆ 80ಕ್ಕಿಂತ ಹೆಚ್ಚು ಹುಳು ಒಳ್ಳೆಯ ಕಡೆಗೇ ಹೋಗಿದ್ದರೆ ಆ ಇನ್ನೊಂದು ಮಣ್ಣು ಹುಳುವಿನ ವಾಸಕ್ಕೆ ತಕ್ಕದ್ದಲ್ಲ ಅಂತ ತಜ್ಞರು ಎಣಿಸುತ್ತಾರೆ. ಆದರೆ ಹುಳು ಸರಿಯದೆ ಇದ್ದರೆ ಮಣ್ಣು ಸುರಕ್ಷಿತ ಅಂತ ತೀರ್ಮಾನಿಸಬಾರದು. ಎಲ್ಲಾ ವಿಷದ ವಾಸನೆಯೂ ಹುಳುವಿಗೆ ತಿಳಿಯುವುದಿಲ್ಲ. ಇನ್ನೊಂದು ವಿಷಯ: ಪ್ರಯೋಗಶಾಲೆಯಲ್ಲಿ ಬಳಸುವುದು ಗೊಬ್ಬರದಲ್ಲಿ ಬದುಕುವ ಐಸೀನಿಯಾ ಎಂಬ ಹುಳು. ನಮ್ಮ ತೋಟದ ಮಣ್ಣಿನ ಹುಳು ಬೇರೆ. ಆದ್ದರಿಂದ ತೋಟದ ಹುಳುವನ್ನೂ ಇಟ್ಟು ನೋಡುವುದು ಒಳ್ಳೆಯದು.

ಹಾಗಾದರೆ ಮದ್ದು ಬಿಡಬೇಕೇ?

ಖಂಡಿತ ಬೇಡ. ಜಂತು ತುಂಬಿದ ಕರು ಉಳಿಯುವುದು ಕಷ್ಟ. ಉಣುಗಿನ ಅಪಾಯವಂತೂ ನಮಗೆ ಗೊತ್ತೇ ಇದೆ. 2018-19ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆಗೆ ಜನ ಜೀವ ಕಳೆದುಕೊಂಡರು. ಕರುವೂ ಉಳಿಯಬೇಕು, ಎರೆಹುಳುವೂ ಉಳಿಯಬೇಕು. ಅದಕ್ಕೆ ಹೀಗೆ ಮಾಡೋಣ:

• ಪಶುವೈದ್ಯರು ಸಗಣಿ ಪರೀಕ್ಷಿಸಿ ಹೇಳಿದ ಮೇಲೆ, ಬೇಕಾದ ದನಕ್ಕೆ, ಬೇಕಾದಷ್ಟೇ ಮದ್ದು ಕೊಡಿಸೋಣ. ಹಾಲು ಎಷ್ಟು ದಿನ ಬಳಸಬಾರದು ಅಂತಲೂ ಕೇಳೋಣ.
• ಮದ್ದು ಕೊಟ್ಟ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡೋಣ.
• ಆಮೇಲಿನ ಕೆಲವು ವಾರಗಳ ಸಗಣಿಯನ್ನು ಎರೆಗೊಬ್ಬರದ ತೊಟ್ಟಿಗೆ ಹಾಕದೆ, ಬೇರೆ ಗುಂಡಿಯಲ್ಲಿ ಚೆನ್ನಾಗಿ ಕೊಳೆಸೋಣ.
• ಉಳಿದ ಔಷಧಿ, ಖಾಲಿ ಬಾಟಲಿಯನ್ನು ತೋಟಕ್ಕೋ ಹಳ್ಳಕ್ಕೋ ಎಸೆಯುವುದು ಬೇಡ.

ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡರೆ ಬರೆದಿಟ್ಟ ಲೆಕ್ಕದ ಸಮೇತ ಇದೇ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರನ್ನು ಕೇಳಬಹುದು. ಲೆಕ್ಕ ಕೈಯಲ್ಲಿದ್ದರೆ ಕೇಳುವುದೂ ಸುಲಭ, ಹೇಳುವವರಿಗೂ ಸುಲಭ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ದನಗಳಿಗೆ ವರ್ಷಕ್ಕೆ ಎಷ್ಟು ಸಲ, ಯಾರನ್ನು ಕೇಳಿ ಮದ್ದು ಕೊಡುತ್ತೇವೆ?
2. ತೋಟದಲ್ಲಿ ಒಂದು ಅಡಿ ಚೌಕ ಅಗೆದರೆ ಎಷ್ಟು ಹುಳು ಸಿಗುತ್ತವೆ? ಅದರಲ್ಲಿ ಮರಿ ಎಷ್ಟು?
3. ಪರೀಕ್ಷೆಯ ಡಬ್ಬಿಗಳನ್ನು ಯಾರ ಮನೆಯಲ್ಲಿ ಇಡೋಣ?