ಯಂತ್ರ ಬಂತು, ವಿದ್ಯೆ ಬಂತೆ?

ನಾಸಿಕದ ಸಾತಪುರ, ಛತ್ರಪತಿ ಸಂಭಾಜಿನಗರದ ವಾಳೂಜ ಮುಂತಾದ ಕಡೆ ದುಡಿಯುವ ನಮ್ಮ ಬಾಂಧವರು ಪತ್ರಿಕೆಗಳಲ್ಲಿ ‘ವ್ಯಾಪಾರ ಒಪ್ಪಂದ’ ಎಂಬ ಮಾತನ್ನು ಆಗಾಗ ಓದುತ್ತಾರೆ. ಅದರಿಂದ ನಮಗೇನು ಎಂದು ಕೇಳುವವರೂ ಉಂಟು. ಸ್ವಲ್ಪ ವಿಚಾರಿಸೋಣ.

ಎರಡು ಅಥವಾ ಹಲವು ದೇಶಗಳು ತಮ್ಮೊಳಗೆ ಸುಂಕವನ್ನು ಇಳಿಸಿ, ವ್ಯವಹಾರದ ಕಟ್ಟಳೆಗಳನ್ನು ಗೊತ್ತುಮಾಡಿಕೊಳ್ಳುವುದೇ ವ್ಯಾಪಾರ ಒಪ್ಪಂದ. ಸುಂಕ ಇಳಿದರೆ ಯಂತ್ರ ಅಗ್ಗವಾಗಿ ಬಂದೀತು. ಆದರೆ ಯಂತ್ರ ಬೇರೆ, ಅದನ್ನು ಮಾಡುವ ವಿದ್ಯೆ ಬೇರೆ. ಆ ವಿದ್ಯೆ ಒಬ್ಬರಿಂದ ಒಬ್ಬರಿಗೆ ದಾಟುವುದಕ್ಕೆ ತಂತ್ರಜ್ಞಾನ ವರ್ಗಾವಣೆ ಎಂದು ಹೆಸರು.

ನಾಸಿಕದ ಬಳಿಯ ಓಝರವನ್ನೇ ನೋಡಿರಿ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಅಲ್ಲಿನ ಕಾರ್ಖಾನೆ 1964ರಲ್ಲಿ ಸೋವಿಯತ್ ದೇಶದ ಮಿಗ್-21 ವಿಮಾನಗಳನ್ನು ಕಟ್ಟಲೆಂದು ಸ್ಥಾಪನೆಯಾಯಿತು. ವಿಮಾನ ಕೊಂಡರೆ ಸಾಲದು, ಇಲ್ಲಿಯೇ ಕಟ್ಟುವ ಕ್ರಮವನ್ನೂ ಕೊಡಬೇಕೆಂದು ಸರ್ಕಾರವೇ ಕರಾರು ಮಾಡಿಕೊಂಡಿತ್ತು. ಅಂದು ವಿದ್ಯೆ ಕಾಗದದ ನಕ್ಷೆಗಳಲ್ಲಿತ್ತು.

ಇಂದು ಅದು ಬಹುಮಟ್ಟಿಗೆ ಸಾಫ್ಟ್‌ವೇರಿನಲ್ಲಿದೆ. ಸಾಫ್ಟ್‌ವೇರಿನ ಮೂಲ ಬರಹಕ್ಕೆ ‘ಸೋರ್ಸ್ ಕೋಡ್’ ಎನ್ನುತ್ತಾರೆ. ಅದು ಕೈಯಲ್ಲಿಲ್ಲದಿದ್ದರೆ, ಸಿ.ಎನ್.ಸಿ. ಯಂತ್ರದ ಪರದೆಯ ಮೇಲೆ ದೋಷದ ಅಂಕಿ ಮೂಡಿದಾಗ ನುರಿತ ಫಿಟರನೂ ಯಂತ್ರ ಮಾರಿದ ಕಂಪನಿಯವರ ದಾರಿ ಕಾಯಬೇಕಾದೀತು. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದಲ್ಲಿ ಡಿಜಿಟಲ್ ವ್ಯಾಪಾರಕ್ಕೇ ಒಂದು ಅಧ್ಯಾಯವಿದೆ. ಸೋರ್ಸ್ ಕೋಡ್ ಒಪ್ಪಿಸಿದರೆ ಮಾತ್ರ ಮಾರಾಟಕ್ಕೆ ಅಪ್ಪಣೆ ಎಂದು ಯಾವ ಸರ್ಕಾರವೂ ಸಾಮಾನ್ಯವಾಗಿ ಹೇಳುವಂತಿಲ್ಲ. ತನಿಖೆ ಮೊದಲಾದವಕ್ಕೆ ವಿನಾಯಿತಿಯುಂಟು. ಬೆಂಗಳೂರಿನ ಕಂಪನಿಗಳ ಗುಟ್ಟಿಗೂ ಅಲ್ಲಿ ಇದೇ ರಕ್ಷಣೆ. ಕಂಪನಿಗಳು ತಾವಾಗಿ ಕರಾರು ಮಾಡಿಕೊಳ್ಳಲು ಅಡ್ಡಿಯಿಲ್ಲ. ಆದರೆ ಮಾರಾಟದ ಅಪ್ಪಣೆಗೆ ಸರ್ಕಾರ ಅಂಥ ಷರತ್ತನ್ನು ಹಾಕುವುದು ಕಷ್ಟ.

ಹಾಗಾದರೆ ದಾರಿಯೇನು? 1998ರ ಅಣುಪರೀಕ್ಷೆಯ ನಂತರ ತೇಜಸ್ ವಿಮಾನಕ್ಕೆ ಅಮೆರಿಕದ ನೆರವು ನಿಂತುಹೋಯಿತು. ಹಾರಾಟವನ್ನು ನಿಯಂತ್ರಿಸುವ ಸಾಫ್ಟ್‌ವೇರನ್ನು ನಮ್ಮವರೇ ಪೂರೈಸಿದರು. 2001ರ ಜನವರಿ 4ರಂದು ಅದು ಬೆಂಗಳೂರಿನಲ್ಲಿ ಹಾರಿತು. 2025ರ ಅಕ್ಟೋಬರ್ 17ರಂದು ಓಝರದಲ್ಲಿ ಕಟ್ಟಿದ ತೇಜಸ್ ಹಾರಾಟ ಪ್ರದರ್ಶಿಸಿತು. ಎಂಜಿನ್ ಮಾತ್ರ ಇನ್ನೂ ಅಮೆರಿಕದ್ದೇ. ಕಲಿತಷ್ಟು ನಮ್ಮದು, ಕಲಿಯದೆ ಉಳಿದದ್ದು ಪರರದು.

ಆದುದರಿಂದ ಹೊಸ ಯಂತ್ರ ಕೂಡಿಸಲು ಬಂದವರ ಬಳಿ ನಿಂತು ನೋಡೋಣ, ಕೇಳೋಣ, ಬರೆದಿಟ್ಟುಕೊಳ್ಳೋಣ. ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಹೊಟ್ಟೆಪಾಡಿಗಾಗಿ ನಾವು ದೇಶ ಸುತ್ತಿದ್ದಾಯಿತು. ಕೋಶ ಓದುವುದು ಬಾಕಿಯಿದೆ. ವಾಚನಾಲಯದ ಬಾಗಿಲು ತೆರೆದಿದೆ.